ಡಿಎಲ್ ಎಷ್ಟು ವರ್ಷ ನಡೆಯುತ್ತದೆ, ರಿನ್ಯೂವಲ್ ಮಾಡಿಸೋದು ಹೇಗೆ: ಪೂರ್ತಿ ಮಾರ್ಗದರ್ಶಿ

ಮೊದಲು ಪರ್ಸಿನಿಂದ ಡಿಎಲ್ (ಡ್ರೈವಿಂಗ್ ಲೈಸೆನ್ಸ್) ತೆಗೆದು ಎದುರಿಗಿಟ್ಟುಕೊಳ್ಳಿ. ಇದನ್ನು ಓದುವಾಗ ಅದು ಕೈಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಲೈಸೆನ್ಸ್ ವಿಷಯ ತೆಗೆದರೆ ಸಾಕು, ಮೂರು ಮಾತು ಕಿವಿಗೆ ಬೀಳುತ್ತವೆ. "ಒಂದ್ಸಲ ಮಾಡಿಸಿದ್ರೆ ಇಪ್ಪತ್ತು ವರ್ಷ" ಅನ್ನೋದು ಮೊದಲನೆಯದು. "ಮುಗಿದ್ರೂ ಒಂದು ತಿಂಗಳು ಓಡಿಸಬಹುದು" ಅನ್ನೋದು ಎರಡನೆಯದು. ಈಚೆಗೆ ಮೂರನೆಯದೂ ಸೇರಿಕೊಂಡಿದೆ: "ಈಗ ಒಂದು ವರ್ಷ ಟೈಮ್ ಕೊಟ್ಟಿದ್ದಾರೆ." ಮೂರರಲ್ಲೂ ಒಂದಿಷ್ಟು ನಿಜ ಇದೆ. ಆದರೆ ಮೂರನ್ನೂ ನಂಬಿಕೊಂಡು ರಸ್ತೆಗಿಳಿದರೆ ತೊಂದರೆ ಗ್ಯಾರಂಟಿ. ಇಪ್ಪತ್ತು ವರ್ಷದ ಲೆಕ್ಕ ಹೊಸ ಲೈಸೆನ್ಸ್‌ಗಳಿಗೆ 2019ರ ಆಗಸ್ಟ್‌ಗೇ ನಿಂತಿತು. ಒಂದು ತಿಂಗಳ ರಿಯಾಯಿತಿಯೂ ಅದರ ಜೊತೆಗೇ ಹೋಯಿತು. ಇನ್ನು ಆ ಒಂದು ವರ್ಷ ಇರುವುದು ಅರ್ಜಿ ಹಾಕುವುದಕ್ಕೆ. ಗಾಡಿ ಓಡಿಸುವುದಕ್ಕೆ ಒಂದು ದಿನವೂ ಇಲ್ಲ. ಈ ಬರಹದಲ್ಲಿ ಬೇರೇನು ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ಕಾರ್ಡಿನಲ್ಲಿ ಯಾವ ದಿನಾಂಕ ನೋಡಬೇಕು

ಡಿಎಲ್ ಕಾರ್ಡಿನ ಮೇಲೆ ನಾಲ್ಕೈದು ದಿನಾಂಕ ಇರುತ್ತವೆ. ಗೊಂದಲ ಶುರುವಾಗೋದೇ ಅಲ್ಲಿ. ಹುಟ್ಟಿದ ದಿನ ಒಂದು, ಲೈಸೆನ್ಸ್ ಕೊಟ್ಟ ದಿನ ಒಂದು. ವಾಹನದ ಬಗೆಗಳ ಪಟ್ಟಿಯಲ್ಲಿ ಪ್ರತಿಯೊಂದರ ಪಕ್ಕವೂ ಒಂದೊಂದು ದಿನಾಂಕ. ಈ ಪಟ್ಟಿಯಲ್ಲಿರುವುದು ಆ ಬಗೆಯ ವಾಹನ ಓಡಿಸಲು ಅನುಮತಿ ಸಿಕ್ಕ ದಿನ, ಮುಗಿಯುವ ದಿನ ಅಲ್ಲ. ಬೈಕಿಗೆ 2009ರಲ್ಲಿ, ಕಾರಿಗೆ 2014ರಲ್ಲಿ ಟೆಸ್ಟ್ ಕೊಟ್ಟಿದ್ದರೆ ಎರಡು ಬೇರೆ ಬೇರೆ ದಿನಾಂಕ ಕಾಣುತ್ತವೆ. ಅದನ್ನು ನೋಡಿ "ಕಾರಿನದು ಇನ್ನೂ ಇದೆ, ಬೈಕಿನದು ಮುಗೀತು" ಅಂತ ಲೆಕ್ಕ ಹಾಕುವವರಿದ್ದಾರೆ. ಹಾಗಲ್ಲ.

ನೀವು ಹುಡುಕಬೇಕಾದದ್ದು ವ್ಯಾಲಿಡಿಟಿ ಅಂತ ಬರೆದಿರುವ ಜಾಗ. ಅಲ್ಲಿ ಎನ್‌ಟಿ, ಟಿಆರ್ ಅಂತ ಎರಡು ಇರಬಹುದು. ಎನ್‌ಟಿ ಅಂದರೆ ಸ್ವಂತ ಬಳಕೆಯ ಗಾಡಿಗಳು: ಬೈಕು, ಸ್ಕೂಟರ್, ಬಿಳಿ ಬೋರ್ಡಿನ ಕಾರು. ಟಿಆರ್ ಅಂದರೆ ಬಾಡಿಗೆಯ, ಸಾಗಾಟದ ವಾಹನಗಳು: ಟ್ಯಾಕ್ಸಿ, ಲಾರಿ, ಬಸ್ಸು. ಬಿಳಿ ಬೋರ್ಡು ಮಾತ್ರ ಓಡಿಸುವವರಿಗೆ ಎನ್‌ಟಿ ದಿನಾಂಕವೊಂದೇ ಸಾಕು.

ಕಾರ್ಡು ಸವೆದು ಅಕ್ಷರ ಕಾಣದಿದ್ದರೆ ಕೇಂದ್ರ ಸರ್ಕಾರದ ಸಾರಥಿ ಪರಿವಾಹನ್ ಜಾಲತಾಣದಲ್ಲಿ ಡಿಎಲ್ ನಂಬರ್ ಮತ್ತು ಹುಟ್ಟಿದ ದಿನ ಕೊಟ್ಟು ನೋಡಬಹುದು. ಎಂ-ಪರಿವಾಹನ್ ಆ್ಯಪ್‌ನಲ್ಲೂ ಡಿಜಿಲಾಕರ್‌ನಲ್ಲೂ ಅದೇ ಮಾಹಿತಿ ಸಿಗುತ್ತದೆ. ನಂಬರ್ ಹೇಗಿರುತ್ತೆ ಅಂದರೆ, ಮೊದಲು ಕೆಎ, ಆಮೇಲೆ ಆರ್‌ಟಿಒ ಸಂಖ್ಯೆ (ಜಯನಗರಕ್ಕೆ 05, ಮೈಸೂರು ಪಶ್ಚಿಮಕ್ಕೆ 09, ಮಂಗಳೂರಿಗೆ 19, ಧಾರವಾಡಕ್ಕೆ 25), ಅದಾದ ಮೇಲೆ ಲೈಸೆನ್ಸ್ ಕೊಟ್ಟ ವರ್ಷ, ಕೊನೆಗೆ 7 ಅಂಕಿ. ರಿನ್ಯೂವಲ್ ಆದಮೇಲೂ ಈ ನಂಬರ್ ಬದಲಾಗುವುದಿಲ್ಲ.

2019ರ ಸೆಪ್ಟೆಂಬರ್‌ಗಿಂತ ಮೊದಲು ಮಾಡಿಸಿದ್ದರೆ

ಮೋಟಾರು ವಾಹನ ಕಾಯ್ದೆ 1988ರದ್ದು. ಅದರ 14ನೇ ಸೆಕ್ಷನ್ ಲೈಸೆನ್ಸ್ ಎಷ್ಟು ಕಾಲ ನಡೆಯುತ್ತದೆ ಅಂತ ಹೇಳುತ್ತದೆ. 2019ರ ತಿದ್ದುಪಡಿ ಆ ಸೆಕ್ಷನ್ ಅನ್ನೇ ಬದಲಿಸಿತು. ಹೊಸ ಲೆಕ್ಕ ಜಾರಿಗೆ ಬಂದದ್ದು 2019ರ ಸೆಪ್ಟೆಂಬರ್ 1ರಿಂದ.

ಅದಕ್ಕೆ ಮೊದಲಿನ ನಿಯಮ ಹೀಗಿತ್ತು: ಲೈಸೆನ್ಸ್ ಕೊಟ್ಟ ದಿನದಿಂದ 20 ವರ್ಷ, ಅಥವಾ 50 ವರ್ಷ ತುಂಬುವ ತನಕ, ಇವೆರಡರಲ್ಲಿ ಯಾವುದು ಮೊದಲೋ ಅದು. ಜನರ ನೆನಪಲ್ಲಿ ಉಳಿದದ್ದು 20 ಮಾತ್ರ. 50ರ ಷರತ್ತು ಮರೆತೇಹೋಗಿದೆ.

ಒಂದು ಲೆಕ್ಕ ನೋಡಿ. 1977ರ ಮಾರ್ಚ್‌ನಲ್ಲಿ ಹುಟ್ಟಿದವರೊಬ್ಬರು 2008ರ ಜೂನ್‌ನಲ್ಲಿ, ಅಂದರೆ 31ನೇ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿದರು ಅಂದುಕೊಳ್ಳಿ. 20 ವರ್ಷ ಕೂಡಿದರೆ 2028ರ ಜೂನ್. ಅವರ ತಲೆಯಲ್ಲಿರುವುದೂ ಅದೇ ತಾರೀಖು. ಆದರೆ 50 ತುಂಬುವುದು 2027ರ ಮಾರ್ಚ್‌ಗೆ. ಲೈಸೆನ್ಸ್ ಮುಗಿಯುವುದೂ ಆಗಲೇ. ಬರೋಬ್ಬರಿ ಒಂದೂಕಾಲು ವರ್ಷ ಮೊದಲು! ನಡುವಯಸ್ಸಿನಲ್ಲಿ ಕಾರು ಕಲಿತವರೆಲ್ಲ ಇದನ್ನೊಮ್ಮೆ ನೋಡಿಕೊಳ್ಳಬೇಕು. ಮೂವತ್ತೈದಕ್ಕೋ ನಲವತ್ತಕ್ಕೋ ಲೈಸೆನ್ಸ್ ಮಾಡಿಸಿದ ಎಷ್ಟೋ ಹೆಂಗಸರಿಗೆ ಇಪ್ಪತ್ತು ವರ್ಷ ಸಿಕ್ಕೇ ಇಲ್ಲ, ಹತ್ತು ಹದಿನೈದಕ್ಕೇ ಮುಗಿಯುತ್ತದೆ.

ಇಪ್ಪತ್ತರ ಪ್ರಾಯದಲ್ಲಿ ಮಾಡಿಸಿದವರಿಗೆ ಪೂರ್ತಿ 20 ವರ್ಷ ಸಿಕ್ಕಿರುತ್ತದೆ. ಕಾಯ್ದೆ ಬದಲಾಯಿತು ಅಂತ ಹಳೆ ಕಾರ್ಡಿನ ದಿನಾಂಕ ಕತ್ತರಿಸಿ ಹೋಗಿಲ್ಲ. ಅದರ ಮೇಲೆ ಏನು ಬರೆದಿದೆಯೋ ಅಲ್ಲಿಯ ತನಕ ಅದು ನಡೆಯುತ್ತದೆ. ಮುಗಿದ ಮೇಲೆ ರಿನ್ಯೂವಲ್‌ಗೆ ಹೋದಾಗ ಹೊಸ ಲೆಕ್ಕ ಹಿಡಿಯುತ್ತದೆ.

ಈಗಿನ ಲೆಕ್ಕ

ಈಗ ಎಲ್ಲವೂ ವಯಸ್ಸಿನ ಮೇಲೆ. ಲೈಸೆನ್ಸ್ ಕೊಡುವ ದಿನ, ಅಥವಾ ರಿನ್ಯೂ ಮಾಡುವ ದಿನ ನಿಮ್ಮ ವಯಸ್ಸೆಷ್ಟು ಅನ್ನೋದೇ ಮುಖ್ಯ.

- 30 ತುಂಬಿಲ್ಲದಿದ್ದರೆ: 40 ತುಂಬುವ ತನಕ.
- 30 ತುಂಬಿ 50 ತುಂಬಿಲ್ಲದಿದ್ದರೆ: 10 ವರ್ಷ.
- 50 ತುಂಬಿ 55 ತುಂಬಿಲ್ಲದಿದ್ದರೆ: 60 ತುಂಬುವ ತನಕ.
- 55 ದಾಟಿದ್ದರೆ: 5 ವರ್ಷ. ಆಮೇಲೆ ಪ್ರತಿ ಸಲವೂ 5 ವರ್ಷ.

ಇಷ್ಟು ವಯಸ್ಸಾದ ಮೇಲೆ ಲೈಸೆನ್ಸೇ ಇಲ್ಲ ಅನ್ನುವ ಮಿತಿ ಇದರಲ್ಲಿಲ್ಲ. ಎಪ್ಪತ್ತೈದಾದ ಅಜ್ಜನೂ ಕಣ್ಣು, ಕಿವಿ, ಕೈಕಾಲು ಚೆನ್ನಾಗಿದ್ದು ವೈದ್ಯರ ಸರ್ಟಿಫಿಕೇಟ್ ಸಿಕ್ಕರೆ ರಿನ್ಯೂವಲ್‌ಗೆ ಅರ್ಜಿ ಹಾಕಬಹುದು.

18ಕ್ಕೇ ಲೈಸೆನ್ಸ್ ಮಾಡಿಸಿದ ಹುಡುಗಿಗೆ 22 ವರ್ಷ ಸಿಗುತ್ತದೆ, ಹಳೆಯ ನಿಯಮಕ್ಕಿಂತ ಜಾಸ್ತಿಯೇ. 42ರ ಅವಳ ಅಪ್ಪನಿಗೆ ಹತ್ತೇ ವರ್ಷ. ಒಂದೇ ದಿನ ಒಂದೇ ಆರ್‌ಟಿಒದಲ್ಲಿ ಮಾಡಿಸಿದರೂ ಹೀಗೇ. ಹಾಗಾಗಿ ಮನೆಯವರೆಲ್ಲರ ಕಾರ್ಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಅಪ್ಪನದು ಇದೆ ಅಂದರೆ ಅಮ್ಮನದೂ ಇದೆ ಅಂತಲ್ಲ.

ಈ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಬೀಳುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ 30ರ ಒಳಗಿದ್ದವರಿಗೆ 40 ತುಂಬಲು ಶುರುವಾಗುವುದು 2029ರ ಸೆಪ್ಟೆಂಬರ್‌ನಲ್ಲಿ. ಆಗ 10 ವರ್ಷದ ಲೈಸೆನ್ಸ್ ಪಡೆದವರದೂ ಮುಗಿಯಲು ಶುರುವಾಗುವುದು ಅದೇ ಹೊತ್ತಿಗೆ. ಹಳೆಯ 20 ವರ್ಷದ ಕಾರ್ಡುಗಳು ಹೇಗೂ ಬರುತ್ತಲೇ ಇರುತ್ತವೆ. ಅಂದರೆ 2029ರ ಕೊನೆಯಿಂದ ಆರ್‌ಟಿಒ ಕ್ಯೂ ಉದ್ದವಾಗುವ ಸಾಧ್ಯತೆ ಇದೆ. ನಿಮ್ಮದು ಆ ಸುಮಾರಿಗೆ ಇದ್ದರೆ ಕೊನೆಯ ವಾರಕ್ಕೆ ಬಿಡಬೇಡಿ.

ಎಲ್‌ಎಲ್ (ಕಲಿಯುವವರ ಲರ್ನರ್ ಲೈಸೆನ್ಸ್) ವಿಷಯ ಚಿಕ್ಕದು. ಅದು 6 ತಿಂಗಳು ನಡೆಯುತ್ತದೆ. 30 ದಿನ ಆದಮೇಲೆ ಡಿಎಲ್ ಟೆಸ್ಟ್‌ಗೆ ಹೋಗಬಹುದು. ಆರು ತಿಂಗಳೊಳಗೆ ಡಿಎಲ್ ಆಗದಿದ್ದರೆ ಮತ್ತೆ ಹೊಸ ಎಲ್‌ಎಲ್‌ನಿಂದ ಶುರು ಮಾಡಬೇಕು.

ಹಳದಿ ಬೋರ್ಡ್ ಓಡಿಸುವವರಿಗೆ

ಟಿಆರ್ ಲೈಸೆನ್ಸ್ ಮೊದಲು 3 ವರ್ಷಕ್ಕೆ ಇತ್ತು, ಈಗ 5 ವರ್ಷ. ಪೆಟ್ರೋಲ್, ಗ್ಯಾಸ್, ಆಸಿಡ್‌ನಂಥ ಅಪಾಯಕಾರಿ ಸರಕು ಸಾಗಿಸುವವರಿಗೆ ಮೊದಲು 1 ವರ್ಷ, ಈಗ 3 ವರ್ಷ. ಇವರಿಗೆ ರಿನ್ಯೂವಲ್ ಹೊತ್ತಿಗೆ ಬೇರೆ ಷರತ್ತುಗಳೂ ಇರುತ್ತವೆ.

ಟಿಆರ್ ಮುಗಿದರೆ ಎನ್‌ಟಿ ಸಾಯುವುದಿಲ್ಲ. ಟ್ಯಾಕ್ಸಿ ಬಿಟ್ಟು ಊರಿಗೆ ಬಂದು ಅಂಗಡಿ ಇಟ್ಟವರು ತಮ್ಮ ಬೈಕು ಓಡಿಸಿಕೊಂಡು ಇರಬಹುದು, ಎನ್‌ಟಿ ದಿನಾಂಕ ಇದ್ದರೆ ಸಾಕು. ಲಾರಿ, ಬಸ್ಸಿನ ಅನುಮತಿ ಇನ್ನು ಬೇಡವೇ ಬೇಡ ಅನ್ನಿಸಿದರೆ ಅದನ್ನು ಬಿಟ್ಟುಕೊಡುವ ಸೇವೆಯೂ ಸಾರಥಿಯಲ್ಲಿದೆ.

ಕಾರು, ಸಣ್ಣ ಗೂಡ್ಸ್ ಗಾಡಿ ಓಡಿಸುವವರಿಗೆ ಇನ್ನೊಂದು ಮಾತು. ಸರಕೂ ಸೇರಿ ಒಟ್ಟು ತೂಕ (ಗ್ರಾಸ್ ವೆಹಿಕಲ್ ವೇಟ್) 7,500 ಕೆಜಿ ಒಳಗಿರುವ ಸಾಗಾಟದ ವಾಹನ ಓಡಿಸಲು ಎಲ್‌ಎಂವಿ (ಕಾರಿನಂಥ ಹಗುರ ವಾಹನದ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟಿನ ಐವರ ಪೀಠ 2024ರ ನವೆಂಬರ್ 6ರಂದು ಹೇಳಿದೆ. 2017ರಲ್ಲೇ ಕೋರ್ಟು ಹೀಗೆ ಹೇಳಿತ್ತು. ಇನ್ಶೂರೆನ್ಸ್ ಕಂಪನಿಗಳು ತಕರಾರು ತೆಗೆದಿದ್ದರಿಂದ ದೊಡ್ಡ ಪೀಠಕ್ಕೆ ಹೋಗಿ ಮತ್ತೆ ಅದೇ ಗಟ್ಟಿಯಾಯಿತು. ಅಪಾಯಕಾರಿ ಸರಕಿಗೆ ಇದು ಹೊಂದುವುದಿಲ್ಲ. ದೊಡ್ಡ ಲಾರಿ, ಬಸ್ಸಿಗೆ ಬೇರೆ ಅನುಮತಿ ಬೇಕೇ ಬೇಕು.

ಮುಗಿದ ಮೇಲಿನ ಒಂದು ವರ್ಷ

ಮೊದಲು ಕಾಯ್ದೆಯಲ್ಲೇ ಒಂದು ಸಾಲಿತ್ತು: ಲೈಸೆನ್ಸ್ ಮುಗಿದರೂ 30 ದಿನ ಅದು ಚಾಲ್ತಿಯಲ್ಲಿರುತ್ತದೆ ಅಂತ. 2019ರ ತಿದ್ದುಪಡಿ ಆ ಸಾಲನ್ನು ತೆಗೆದುಹಾಕಿತು. ಈಗ ಇವತ್ತು ರಾತ್ರಿ 12ಕ್ಕೆ ಮುಗಿದರೆ ನಾಳೆ ಬೆಳಗ್ಗೆ ಹಾಲು ತರಲು ಸ್ಕೂಟರ್ ತೆಗೆದರೂ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆಯೇ.

ಅದೇ ತಿದ್ದುಪಡಿ ಬೇರೆ ಕಡೆ ಒಂದು ವರ್ಷ ಕೊಟ್ಟಿತು. ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದ ತನಕ ರಿನ್ಯೂವಲ್‌ಗೆ ಅರ್ಜಿ ಹಾಕಬಹುದು, ಟೆಸ್ಟ್ ಇಲ್ಲ. ಒಂದು ವರ್ಷ ದಾಟಿದರೆ ಮತ್ತೆ ಓಡಿಸಿ ತೋರಿಸಿ ಪಾಸಾಗಬೇಕು. ಮೊದಲು ಈ ಟೆಸ್ಟ್ ಬರುತ್ತಿದ್ದದ್ದು 5 ವರ್ಷ ದಾಟಿದ ಮೇಲೆ. ಈಗ 1 ವರ್ಷಕ್ಕೇ.

"ಒಂದು ವರ್ಷ ಟೈಮ್ ಇದೆ" ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ಕೋವಿಡ್ ಕಾಲವೂ ಇದಕ್ಕೆ ಒತ್ತು ಕೊಟ್ಟಿರಬೇಕು. 2020ರ ಫೆಬ್ರವರಿ 1ರ ಮೇಲೆ ಮುಗಿದ ದಾಖಲೆಗಳು ಚಾಲ್ತಿಯಲ್ಲಿವೆ ಅಂತ ಕೇಂದ್ರ ಸಾರಿಗೆ ಸಚಿವಾಲಯ ಮತ್ತೆ ಮತ್ತೆ ಮುಂದೂಡುತ್ತಾ 2021ರ ಅಕ್ಟೋಬರ್ 31ರ ತನಕ ಎಳೆಯಿತು. ಮುಗಿದರೂ ನಡೆಯುತ್ತೆ ಅನ್ನೋದು ಜನರಿಗೆ ರೂಢಿಯಾಯಿತು. ಆ ರಿಯಾಯಿತಿ ಅಲ್ಲಿಗೇ ಮುಗಿದಿದೆ.

ಮುಗಿದ ಲೈಸೆನ್ಸ್‌ನಲ್ಲಿ ಸಿಕ್ಕಿಬಿದ್ದರೆ ಏನು? ಕಾಯ್ದೆಯ 181ನೇ ಸೆಕ್ಷನ್ 5,000 ರೂಪಾಯಿ ದಂಡ, ಅಥವಾ 3 ತಿಂಗಳ ತನಕ ಜೈಲು, ಅಥವಾ ಎರಡೂ ಅನ್ನುತ್ತದೆ. ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಹಲವು ದಂಡಗಳನ್ನು ಇಳಿಸಿತ್ತು, ಹಾಗಾಗಿ ಸ್ಥಳದಲ್ಲಿ ಕಟ್ಟುವ ಮೊತ್ತ ಕಡಿಮೆ ಇರಬಹುದು. ಗಾಡಿ ನಿಮ್ಮ ಹೆಸರಲ್ಲಿದ್ದು ಲೈಸೆನ್ಸ್ ಇಲ್ಲದ ಬೇರೆಯವರಿಗೆ ಕೊಟ್ಟಿದ್ದರೆ 180ನೇ ಸೆಕ್ಷನ್ ಪ್ರಕಾರ ಮಾಲೀಕರ ಮೇಲೂ ಕೇಸು ಬರುತ್ತದೆ. ಮನೆಗೆ ಡ್ರೈವರ್ ಇಟ್ಟುಕೊಂಡವರು ಅವರ ಕಾರ್ಡನ್ನೂ ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ನನ್ನ ಕೇಳಿದರೆ ದಂಡ ದೊಡ್ಡ ವಿಷಯವೇ ಅಲ್ಲ. ನಿಜವಾದ ಪೆಟ್ಟು ಬೀಳುವುದು ಅಪಘಾತ ಆದಾಗ. ಸರಿಯಾದ ಲೈಸೆನ್ಸ್ ಇಲ್ಲದವರು ಓಡಿಸುತ್ತಿದ್ದರು ಅನ್ನೋದನ್ನು ಇನ್ಶೂರೆನ್ಸ್ ಕಂಪನಿ ತನ್ನ ಪರವಾಗಿ ಬಳಸಿಕೊಳ್ಳಲು ಕಾಯ್ದೆಯಲ್ಲೇ ಅವಕಾಶವಿದೆ. ನಿಮ್ಮ ಕಾರಿನ ರಿಪೇರಿ ಕ್ಲೇಮಿಗೆ ಕಂಪನಿ ಕೈಯೆತ್ತಬಹುದು. ಎದುರಿನವರಿಗೆ ಗಾಯವಾಗಿದ್ದರೆ ಕಥೆ ಇನ್ನೂ ದೊಡ್ಡದು. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ದಾರಿ ತೋರಿಸಿದ್ದು ಹೀಗೆ: ಗಾಯಗೊಂಡವರಿಗೆ ಕಂಪನಿ ಪರಿಹಾರ ಕೊಡಲಿ, ಆಮೇಲೆ ಆ ಹಣವನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ. ಅಪಘಾತದ ಪರಿಹಾರ ಅಂದರೆ ಲಕ್ಷಗಳ ಮಾತು. ಇನ್ನೂರು ಮುನ್ನೂರು ರೂಪಾಯಿಯ ರಿನ್ಯೂವಲ್ ಬಿಟ್ಟಿದ್ದಕ್ಕೆ ಸೈಟು ಮಾರುವ ಪರಿಸ್ಥಿತಿ ಬರಬಾರದು ಅಲ್ವಾ?

ಯಾವಾಗ ಅರ್ಜಿ ಹಾಕಿದರೆ ಒಳ್ಳೆಯದು

ಒಂದು ವರ್ಷ ಮೊದಲೇ ಹಾಕಬಹುದು ಅಂದಮಾತ್ರಕ್ಕೆ ಹಾಕಿಬಿಡಬೇಕು ಅಂತೇನಿಲ್ಲ. ಕಾಯ್ದೆ ಪ್ರಕಾರ ಹೊಸ ಅವಧಿ ಎಣಿಸುವುದು ರಿನ್ಯೂ ಆದ ದಿನದಿಂದ. 44 ವರ್ಷದವರೊಬ್ಬರ ಕಾರ್ಡು ಮುಂದಿನ ಜೂನ್‌ಗೆ ಮುಗಿಯುತ್ತದೆ ಅನ್ನಿ. ಈ ಜುಲೈನಲ್ಲೇ ಮಾಡಿಸಿದರೆ ಹತ್ತು ವರ್ಷದ ಎಣಿಕೆ ಈ ಜುಲೈನಿಂದಲೇ ಶುರು. ಉಳಿದಿದ್ದ ಹನ್ನೊಂದು ತಿಂಗಳು ಸುಮ್ನೆ ಹೋದ ಹಾಗೆ. ಮುಗಿಯುವುದಕ್ಕೆ ಎರಡು ತಿಂಗಳಿದೆ ಅನ್ನುವಾಗ ಹಾಕಿದರೆ ಹೆಚ್ಚು ನಷ್ಟವೂ ಇಲ್ಲ, ಗಡಿಬಿಡಿಯೂ ಇಲ್ಲ.

50ರಿಂದ 55ರ ನಡುವಿನವರಿಗೆ ಈ ಚಿಂತೆ ಇಲ್ಲ. ಯಾವಾಗ ಮಾಡಿಸಿದರೂ 60ರ ತನಕವೇ.

40 ಹತ್ತಿರ ಬಂದವರಿಗೆ ಮಾತ್ರ ಬೇಗ ಹಾಕುವುದರಲ್ಲಿ ಸಣ್ಣ ಲಾಭ ಇದೆ. ಸ್ವಂತ ಗಾಡಿಯ ಲೈಸೆನ್ಸ್ ಆದರೆ ವೈದ್ಯರ ಸರ್ಟಿಫಿಕೇಟ್ ಕಡ್ಡಾಯವಾಗುವುದು 40 ತುಂಬಿದ ಮೇಲೆ. 39ರಲ್ಲೇ ಅರ್ಜಿ ಹಾಕಿದರೆ ನೀವೇ ಬರೆದುಕೊಡುವ ಘೋಷಣೆ ಸಾಕು. ಒಂದು ತಿಂಗಳು ಅವಧಿ ಕಳೆದುಕೊಂಡರೂ ಒಂದು ಓಡಾಟ ಉಳಿಯುತ್ತದೆ.

ಇನ್ನೊಂದು ಕಾರಣಕ್ಕೂ ಕೊನೆಯ ದಿನಕ್ಕೆ ಬಿಡಬಾರದು. ಸರ್ವರ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. 2024ರ ಜನವರಿ 31ರಿಂದ ಫೆಬ್ರವರಿ 12ರ ತನಕ ಸಾರಥಿ ಸರಿಯಾಗಿ ನಡೆಯದೆ, ಆ ಅವಧಿಯಲ್ಲಿ ಮುಗಿದ ಲೈಸೆನ್ಸ್‌ಗಳನ್ನು ಸಚಿವಾಲಯವೇ ಫೆಬ್ರವರಿ 29ರ ತನಕ ಮಾನ್ಯ ಮಾಡಿತ್ತು. ಪ್ರತಿ ಸಲ ಹಾಗೆ ಮಾಡುತ್ತಾರೆ ಅಂತ ಕೂರಲಾಗುವುದಿಲ್ಲ.

ಏನೇನು ಜೋಡಿಸಿಕೊಳ್ಳಬೇಕು

ಹಳೆಯ ಡಿಎಲ್, ಆಧಾರ್, ಈಗಿನ ವಿಳಾಸದ ಪುರಾವೆ, ಆಧಾರ್‌ಗೆ ಜೋಡಿಸಿದ ಮೊಬೈಲ್, ಒಂದು ಫೋಟೋ, ಬಿಳಿ ಹಾಳೆಯ ಮೇಲೆ ಸಹಿ. ಇಷ್ಟು ಎಲ್ಲರಿಗೂ ಬೇಕು. ಫಾರಂ 1 ಅಂದರೆ ನಿಮ್ಮ ಆರೋಗ್ಯದ ಬಗ್ಗೆ ನೀವೇ ಕೊಡುವ ಘೋಷಣೆ, ಅದನ್ನು ಆನ್‌ಲೈನ್‌ನಲ್ಲೇ ತುಂಬುತ್ತೀರಿ. ಮೂರ್ಛೆ ರೋಗ ಇದೆಯೇ, ಕೆಂಪು ಹಸಿರು ಬಣ್ಣ ಬೇರೆ ಬೇರೆಯಾಗಿ ಕಾಣುತ್ತದೆಯೇ, ರಾತ್ರಿ ಕುರುಡು ಇದೆಯೇ ಅಂತೆಲ್ಲ ಕೇಳುತ್ತದೆ. ಒಳ್ಳೆ ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ ಅನ್ನುವ ಪ್ರಶ್ನೆಯೂ ಇದೆ. ಕನ್ನಡಕ ಹಾಕಿಕೊಂಡು ಓದಿದರೂ ಆಗುತ್ತದೆ. ಯಾರೂ ಓದದೆ ಟಿಕ್ ಹಾಕುವ ಪ್ರಶ್ನೆ ಇದು. ಒಮ್ಮೆ ರಸ್ತೆಗೆ ಬಂದು 25 ದೊಡ್ಡ ಹೆಜ್ಜೆ ದೂರ ನಿಂತು ಓದಿ ನೋಡಿ. ತಡವರಿಸಿದರೆ ಆರ್‌ಟಿಒಗಿಂತ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು ಮೇಲು.

40 ದಾಟಿದವರಿಗೂ ಟಿಆರ್ ಲೈಸೆನ್ಸ್ ಇರುವವರಿಗೂ ಫಾರಂ 1ಎ ಬೇಕು. ಇದು ನೋಂದಾಯಿತ ವೈದ್ಯರು ಕೊಡುವ ಸರ್ಟಿಫಿಕೇಟ್. ಕಣ್ಣು, ಬಣ್ಣ ಗುರುತಿಸುವುದು, ಕಿವಿ, ಕೈಕಾಲು ನೋಡಿ ಬರೆದುಕೊಡುತ್ತಾರೆ. ಅದರಲ್ಲಿ ವೈದ್ಯರ ಸಹಿ, ಸೀಲು, ನೋಂದಣಿ ಸಂಖ್ಯೆ ಮೂರೂ ಇದೆಯೇ ನೋಡಿ. ಅಂಟಿಸಿದ ಫೋಟೋ ಮೇಲೂ ಸಹಿ ಹಾದುಹೋಗಿರಬೇಕು. ಇದರಲ್ಲಿ ಒಂದು ತಪ್ಪಿದರೂ ಅರ್ಜಿ ವಾಪಸ್. ಆರ್‌ಟಿಒ ಗೇಟಿನ ಆಸುಪಾಸಿನಲ್ಲಿ ಮುಖವನ್ನೂ ನೋಡದೆ ಸರ್ಟಿಫಿಕೇಟ್ ಕೊಡಿಸುವವರಿರುತ್ತಾರೆ. ಬೇಡ. ನಿಮ್ಮ ಕಣ್ಣು ಸರಿಯಾಗಿದೆಯೇ ಅಂತ ತಿಳಿಯಬೇಕಾದವರು ಮೊದಲು ನೀವೇ.

ಸಾರಥಿಯಲ್ಲಿ ಅರ್ಜಿ, ಹಂತ ಹಂತವಾಗಿ

1. ಪರಿವಾಹನ್ ಜಾಲತಾಣಕ್ಕೆ ಹೋಗಿ, ಡ್ರೈವಿಂಗ್ ಲೈಸೆನ್ಸ್ ಸೇವೆಗಳನ್ನು ತೆರೆದು ಕರ್ನಾಟಕ ಆರಿಸಿ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯೇ ಅಂತ ಖಚಿತ ಮಾಡಿಕೊಳ್ಳಿ. ಅದೇ ಹೆಸರು, ಅದೇ ಬಣ್ಣದ ನಕಲಿ ತಾಣಗಳು ಬೇಕಾದಷ್ಟಿವೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕನ್ನೋ ಎಪಿಕೆ ಫೈಲನ್ನೋ ಮುಟ್ಟಲೇಬೇಡಿ.

2. ಡಿಎಲ್ ಸೇವೆಗಳಲ್ಲಿ ರಿನ್ಯೂವಲ್ ಆರಿಸಿ. ಡಿಎಲ್ ನಂಬರ್, ಹುಟ್ಟಿದ ದಿನ, ಕ್ಯಾಪ್ಚಾ ಕೊಟ್ಟರೆ ನಿಮ್ಮ ವಿವರ ಬರುತ್ತದೆ. ಫೋಟೋ, ಹೆಸರು, ವಾಹನದ ಬಗೆಗಳು ಎಲ್ಲ ಸರಿ ಇವೆಯೇ ಅಂತ ಇಲ್ಲೇ ನೋಡಿ.

3. ಆಧಾರ್ ಮೂಲಕ ಮುಂದುವರಿಯಬೇಕೇ, ಅದಿಲ್ಲದೆಯೇ ಅಂತ ಕೇಳಿದಾಗ, ಹೆಸರು ಎರಡರಲ್ಲೂ ಒಂದೇ ಇದ್ದರೆ ಆಧಾರ್ ದಾರಿ ಹಿಡಿಯಿರಿ. ಮೊಬೈಲಿಗೆ ಒಟಿಪಿ ಬರುತ್ತದೆ. ಈ ದಾರಿಯಲ್ಲಿ ಆರ್‌ಟಿಒಗೆ ಹೋಗುವ ಕೆಲಸ ತಪ್ಪುವ ಸಾಧ್ಯತೆ ಜಾಸ್ತಿ.

4. ವಿಳಾಸವೂ ಬದಲಾಗಿದ್ದರೆ ಅದೇ ಅರ್ಜಿಯಲ್ಲಿ ಅದನ್ನೂ ಆರಿಸಿ. ಎರಡು ಸಲ ಕಾರ್ಡು ಮಾಡಿಸುವ ಖರ್ಚು ಉಳಿಯುತ್ತದೆ. ಲೈಸೆನ್ಸ್ ಕೊಟ್ಟ ಊರಿಗೇ ಹೋಗಬೇಕಾಗಿಲ್ಲ. ರಾಯಚೂರಿನಲ್ಲಿ ಮಾಡಿಸಿ ಈಗ ಬೆಂಗಳೂರಿನಲ್ಲಿದ್ದರೆ ಈಗಿನ ವಿಳಾಸದ ಆರ್‌ಟಿಒದಲ್ಲೇ ಮಾಡಿಸಬಹುದು.

5. ಫಾರಂ 1 ತುಂಬಿ. ಫಾರಂ 1ಎ ಬೇಕಾದವರು ಅದನ್ನು ಸ್ಕ್ಯಾನ್ ಮಾಡಿ ಹಾಕಿ. ಫೋಟೋ, ಸಹಿ, ದಾಖಲೆಗಳಿಗೆ ಎಷ್ಟು ಕೆಬಿ ಅಂತ ಪರದೆಯ ಮೇಲೇ ಬರೆದಿರುತ್ತದೆ. ಫೈಲು ದೊಡ್ಡದಾಗಿ ನಿಂತುಹೋಗುವುದೇ ಇಲ್ಲಿಯ ಮುಖ್ಯ ತಲೆನೋವು.

6. ಫೀಸು ಕಟ್ಟಿ. ಹಣ ಕಡಿತವಾಗಿ ರಸೀದಿ ಬಾರದಿದ್ದರೆ ತಕ್ಷಣ ಇನ್ನೊಮ್ಮೆ ಕಟ್ಟಬೇಡಿ. ಪಾವತಿಯ ಸ್ಥಿತಿ ನೋಡುವ ಆಯ್ಕೆ ಅಲ್ಲೇ ಇದೆ, ಅದರಲ್ಲಿ ಪರೀಕ್ಷಿಸಿ.

7. ಅರ್ಜಿ ಸಂಖ್ಯೆ ಇರುವ ಅಕ್ನಾಲೆಜ್‌ಮೆಂಟ್ ಉಳಿಸಿಕೊಳ್ಳಿ. ಸ್ಲಾಟ್ ತೆಗೆದುಕೊಳ್ಳಲು ಹೇಳಿದರೆ ದಿನ ಆರಿಸಿ, ಆ ದಿನ ಮೂಲ ದಾಖಲೆ ಹಿಡಿದು ಹೋಗಿ. ಹಳೆಯ ಕಾರ್ಡು ಮರೆಯಬೇಡಿ.

ಅರ್ಜಿ ಒಪ್ಪಿಗೆಯಾದ ಮೇಲೆ ಹೊಸ ಕಾರ್ಡು ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೆ ಬರುತ್ತದೆ. ಅದು ಬರುವ ತನಕ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ಹೊಸ ದಿನಾಂಕ ಕಾಣಿಸಿದರೆ ಪೊಲೀಸರಿಗೆ ಅದನ್ನೇ ತೋರಿಸಬಹುದು, ಕಾನೂನಿನ ಪ್ರಕಾರ ಅದಕ್ಕೆ ಬೆಲೆ ಇದೆ. ಗ್ಯಾಲರಿಯಲ್ಲಿ ಇಟ್ಟುಕೊಂಡ ಕಾರ್ಡಿನ ಫೋಟೋಗೆ ಆ ಬೆಲೆ ಇಲ್ಲ. ಅರ್ಜಿ ಹಾಕಿದ ರಸೀದಿಯೂ ಲೈಸೆನ್ಸ್ ಆಗುವುದಿಲ್ಲ. ಹಳೆಯದು ಮುಗಿದಿದ್ದರೆ ಹೊಸದು ಒಪ್ಪಿಗೆಯಾಗುವ ತನಕ ಬಸ್ಸೋ ಮೆಟ್ರೋನೋ ಹತ್ತಬೇಕು.

ಫೀಸು

ಕೇಂದ್ರದ ನಿಯಮದಲ್ಲಿ ರಿನ್ಯೂವಲ್‌ಗೆ 200 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ ಇನ್ನೊಂದು 200. ಅಂಚೆ, ಸೇವಾ ಶುಲ್ಕ ಅಂತ ಸ್ವಲ್ಪ ಸೇರಬಹುದು. ತಡವಾದರೆ 200ರ ಬದಲು 300, ಅದರ ಮೇಲೆ ತಡವಾದ ಪ್ರತಿ ವರ್ಷಕ್ಕೆ ಅಥವಾ ವರ್ಷದ ಒಂದು ಭಾಗಕ್ಕೆ 1,000 ರೂಪಾಯಿ. ನಿಮ್ಮ ಒಟ್ಟು ಮೊತ್ತ ಎಷ್ಟು ಅಂತ ಸಾರಥಿ ಲೆಕ್ಕ ಹಾಕಿ ತೋರಿಸುತ್ತದೆ. ಬ್ರೋಕರ್ ಮೂರು ಸಾವಿರ ಕೇಳಿದರೆ ಮೊದಲು ಆ ಪರದೆ ನೋಡಿ, ಆಮೇಲೆ ಮಾತಾಡಿ.

ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ

ನಮ್ಮ ಕಡೆ ಮೊದಲ ತೊಂದರೆ ಇನಿಷಿಯಲ್‌ನದು. ಡಿಎಲ್‌ನಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಆಧಾರ್‌ನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತದೆ. ಮನುಷ್ಯರಿಗೆ ಇಬ್ಬರೂ ಒಬ್ಬರೇ ಅಂತ ಗೊತ್ತಾಗುತ್ತದೆ, ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ಆಗ ಆಧಾರ್ ದಾರಿ ಬಿಟ್ಟು, ಆರ್‌ಟಿಒಗೇ ಹೋಗಿ ದಾಖಲೆ ತೋರಿಸುವ ದಾರಿ ಹಿಡಿಯುವುದು ಸಲೀಸು. ಸಮಯ ಇದ್ದರೆ ಎರಡರಲ್ಲೂ ಹೆಸರು ಒಂದೇ ಮಾಡಿಸಿಬಿಡಿ, ಮುಂದಿನ ಸಲಕ್ಕೂ ಆಯಿತು.

ಎರಡನೆಯದು ಪುಸ್ತಕದ ಲೈಸೆನ್ಸ್. ತೊಂಬತ್ತರ ದಶಕದಲ್ಲಿ ಮಾಡಿಸಿದವರ ಹತ್ತಿರ ಇನ್ನೂ ಪುಟ್ಟ ಪುಸ್ತಕ ಇರುತ್ತದೆ, ನಂಬರ್ ಕೈಯಲ್ಲಿ ಬರೆದದ್ದು. ಸಾರಥಿಯಲ್ಲಿ ಆ ನಂಬರ್ ಹಾಕಿದರೆ ಏನೂ ಬರುವುದಿಲ್ಲ. ಇದು ನಕಲಿ ಅಂತ ಗಾಬರಿಯಾಗಬೇಡಿ, ಕಂಪ್ಯೂಟರಿಗೆ ಏರಿಸಿಲ್ಲ ಅಷ್ಟೇ. ಅದನ್ನು ಕೊಟ್ಟ ಆರ್‌ಟಿಒಗೆ ಪುಸ್ತಕ ತೆಗೆದುಕೊಂಡು ಹೋಗಿ "ಬ್ಯಾಕ್‌ಲಾಗ್ ಎಂಟ್ರಿ ಆಗಬೇಕು" ಅಂತ ಕೇಳಿ. ಅವರು ಹಳೆಯ ರಿಜಿಸ್ಟರ್ ನೋಡಿ ಏರಿಸಿದ ಮೇಲೆ ಹೊಸ ಮಾದರಿಯ ನಂಬರ್ ಸಿಗುತ್ತದೆ. ರಿನ್ಯೂವಲ್ ಅರ್ಜಿ ಆಮೇಲೆ. ಇದಕ್ಕೆ ಓಡಾಟ ಬೇಕಾಗಬಹುದು, ಹಾಗಾಗಿ ಪುಸ್ತಕ ಇರುವವರು ಎರಡು ತಿಂಗಳ ಬದಲು ನಾಲ್ಕೈದು ತಿಂಗಳು ಮೊದಲೇ ಶುರು ಮಾಡಿ.

ಮೂರನೆಯದು ಮೊಬೈಲ್ ನಂಬರ್. ಡಿಎಲ್ ಮಾಡಿಸಿದ ಕಾಲದ ಸಿಮ್ ಈಗ ಇರುವುದಿಲ್ಲ. ಒಟಿಪಿ ಎಲ್ಲಿಗೋ ಹೋಗುತ್ತದೆ. ನಂಬರ್ ಬದಲಿಸುವ ಸೇವೆ ಸಾರಥಿಯಲ್ಲೇ ಇದೆ, ಅದನ್ನು ಮೊದಲು ಮುಗಿಸಿಕೊಳ್ಳಿ.

ಒಂದು ವರ್ಷ ದಾಟಿಹೋಗಿದ್ದರೆ

ಲೈಸೆನ್ಸ್ ರದ್ದಾಯಿತು, ಎಲ್ಲ ಮುಗೀತು ಅಂತೇನಿಲ್ಲ. ದಂಡದ ಫೀಸು ಕಟ್ಟಿ, ಟೆಸ್ಟ್ ಪಾಸಾಗಬೇಕು. ಇಪ್ಪತ್ತು ವರ್ಷ ಓಡಿಸಿದ್ದೇನೆ ಅನ್ನುವ ಧೈರ್ಯ ಟ್ರ್ಯಾಕ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಂಟರ ಆಕಾರ, ರಿವರ್ಸ್, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಹೊರಡುವುದು ಇವೇ ಅನುಭವಿಗಳನ್ನು ಬೀಳಿಸುವುದು. ಸೆನ್ಸರ್ ಹಾಕಿದ ಟ್ರ್ಯಾಕ್ ಆದರೆ ಚಕ್ರ ಗೆರೆ ಮುಟ್ಟಿದ್ದನ್ನು ಯಂತ್ರವೇ ಹಿಡಿಯುತ್ತದೆ, ಇನ್‌ಸ್ಪೆಕ್ಟರ್ ಹತ್ತಿರ ಕೇಳಿಕೊಳ್ಳಲು ಆಗುವುದಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಒಂದೆರಡು ದಿನ ಈ ಮೂರನ್ನೇ ಅಭ್ಯಾಸ ಮಾಡಿ. ಟೆಸ್ಟ್ ದಿನ ಗಾಡಿಯನ್ನು ಅಲ್ಲಿಯ ತನಕ ಓಡಿಸಿಕೊಂಡು ಬರುವವರು ಲೈಸೆನ್ಸ್ ಇರುವ ಬೇರೆಯವರಾಗಿರಲಿ.

ಹೊರದೇಶದಲ್ಲಿರುವವರಿಗೆ, ಹೊರಟವರಿಗೆ

ಓದಲೋ ಕೆಲಸಕ್ಕೋ ಹೊರಡುವವರು ವೀಸಾ, ಪಾಸ್‌ಪೋರ್ಟ್ ನೋಡುವಾಗ ಡಿಎಲ್ ದಿನಾಂಕವನ್ನೂ ನೋಡಿ. ಒಂದು ವರ್ಷ ಮೊದಲೇ ಅರ್ಜಿ ಹಾಕುವ ಅವಕಾಶ ನಿಜವಾಗಿ ಉಪಯೋಗಕ್ಕೆ ಬರುವುದು ನಿಮಗೇ. ಕೆಲವು ತಿಂಗಳು ಅವಧಿ ಹೋದರೂ ಚಿಂತೆಯಿಲ್ಲ, ಅಲ್ಲಿಂದ ಒಟಿಪಿಗಾಗಿ ಒದ್ದಾಡುವುದು ತಪ್ಪುತ್ತದೆ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ಗೆ 1,000 ರೂಪಾಯಿ ಫೀಸು. ಅದು ನಡೆಯುವುದು 1 ವರ್ಷ, ಅಥವಾ ನಿಮ್ಮ ಡಿಎಲ್ ಮುಗಿಯುವ ತನಕ, ಯಾವುದು ಮೊದಲೋ ಅದು. ಡಿಎಲ್‌ನಲ್ಲಿ ಮೂರೇ ತಿಂಗಳು ಉಳಿದಿದ್ದರೆ ಪರ್ಮಿಟ್ಟೂ ಮೂರು ತಿಂಗಳಿಗೇ. ಹಾಗಾಗಿ ಮೊದಲು ಡಿಎಲ್ ರಿನ್ಯೂ ಮಾಡಿಸಿ, ಆಮೇಲೆ ಪರ್ಮಿಟ್‌ಗೆ ಅರ್ಜಿ ಹಾಕಿ. ಅಲ್ಲಿದ್ದಾಗ ಪರ್ಮಿಟ್ ಮುಗಿದರೆ ಭಾರತದ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕುವ ಅವಕಾಶ 2021ರಿಂದ ಇದೆ.

ಅಲ್ಲಿಯ ಲೈಸೆನ್ಸ್ ತೆಗೆದುಕೊಂಡವರಿಗೆ ಅಲ್ಲಿಯದೇ ಲೆಕ್ಕ. ಕ್ಯಾಲಿಫೋರ್ನಿಯಾದ್ದು ಸಾಮಾನ್ಯವಾಗಿ 5 ವರ್ಷ, ಹುಟ್ಟುಹಬ್ಬದ ದಿನ ಮುಗಿಯುತ್ತದೆ. ಬ್ರಿಟನ್ನಿನಲ್ಲಿ ಓಡಿಸುವ ಹಕ್ಕು 70ರ ತನಕ ಇರುತ್ತದೆ, ಆದರೆ ಫೋಟೋ ಕಾರ್ಡನ್ನು 10 ವರ್ಷಕ್ಕೊಮ್ಮೆ ಬದಲಿಸಬೇಕು. 70 ಆದಮೇಲೆ 3 ವರ್ಷಕ್ಕೊಮ್ಮೆ. ರಜೆಗೆ ಊರಿಗೆ ಬಂದು ಅಪ್ಪನ ಕಾರು ತೆಗೆಯುವ ಮುನ್ನ ನಿಮ್ಮ ಕರ್ನಾಟಕದ ಡಿಎಲ್ ಇನ್ನೂ ಇದೆಯೇ ನೋಡಿಕೊಳ್ಳಿ. ಇದು ಮುಗಿದಿದ್ದರೆ ಬಂದ ವಾರವೇ ಅರ್ಜಿ ಹಾಕಿ, ರಜೆ ಮುಗಿಯುವುದರೊಳಗೆ ಕೆಲಸ ಆಗಲಿ.